ಮಂಡಿ ಆಫೀಸಿನ ಕಂಪ್ಯೂಟರಿಗೆ ನಿಗಾ ಸಾಫ್ಟ್‌ವೇರ್ ಹಾಕಿಸಬಹುದಾ?

ಸಾಗರದ ಮಂಡಿ:

ಎಲ್ಲರಿಗೂ ನಮಸ್ಕಾರ. ಸಾಗರದಲ್ಲಿ ನಮ್ಮದೊಂದು ಸಣ್ಣ ಅಡಿಕೆ ಮಂಡಿ. ಆಫೀಸಲ್ಲಿ ಮೂರು ಕಂಪ್ಯೂಟರ್. ಒಂದರಲ್ಲಿ ಲೆಕ್ಕ ಬರೆಯೋ ಟ್ಯಾಲಿ, ಒಂದರಲ್ಲಿ ತೂಕದ ಚೀಟಿ, ಇನ್ನೊಂದು ಬ್ಯಾಂಕಿನ ಕೆಲಸಕ್ಕೆ. ಹೋದ ಕೊಯ್ಲಿನಲ್ಲಿ ಒಬ್ಬ ಬೆಳೆಗಾರರ ಖಾತೆಯಲ್ಲಿ ರಾಶಿ ಅಡಿಕೆಯ ಮೊತ್ತ ಆಮೇಲೆ ತಿದ್ದಿದ್ದು ಕಂಡಿತು. ಹುಡುಗರು ಮೂವರೂ ಒಂದೇ ಪಾಸ್‌ವರ್ಡ್ ಬಳಸ್ತಾರೆ, ಹಾಗಾಗಿ ಯಾರು ತಿದ್ದಿದ್ದು ಅಂತ ಗೊತ್ತಾಗಲಿಲ್ಲ.

ಈಗ ಒಬ್ಬರು ಬಂದು ನಿಗಾ ಸಾಫ್ಟ್‌ವೇರ್ ಹಾಕಿಸಿ ಅಂತಿದ್ದಾರೆ. ಯಾರ ಕಣ್ಣಿಗೂ ಕಾಣದ ಹಾಗೆ ಒಳಗೆ ಕೂತಿರುತ್ತಂತೆ. ಐದು ನಿಮಿಷಕ್ಕೊಮ್ಮೆ ಸ್ಕ್ರೀನ್‌ಶಾಟ್, ಒತ್ತಿದ ಕೀ ಎಲ್ಲಾ ನನ್ನ ಮೊಬೈಲಿಗೆ ಬರುತ್ತಂತೆ. ಆಂಟಿವೈರಸ್‌ನಲ್ಲಿ ಮಾತ್ರ ಅದಕ್ಕೆ ವಿನಾಯಿತಿ ಕೊಡಬೇಕಂತೆ. ಹುಡುಗರು ನಮ್ಮ ಕಣ್ಣೆದುರೇ ಬೆಳೆದವರು, ಅನುಮಾನ ಪಡೋಕೆ ಮನಸ್ಸಿಲ್ಲ. ಆದರೆ ಇದು ಬೆಳೆಗಾರರ ದುಡ್ಡು. ಹಾಕಿಸಲಾ?

ಶಿವಮೊಗ್ಗ ಸರ್ವಿಸ್:

ರಾಯರೇ, ದಯವಿಟ್ಟು ಹಾಕಿಸಬೇಡಿ. ನಾನು ಶಿವಮೊಗ್ಗದಲ್ಲಿ ಕಂಪ್ಯೂಟರ್ ಸರ್ವಿಸ್ ಮಾಡೋನು, ಮಂಡಿಯವರೂ ನನ್ನ ಗಿರಾಕಿಗಳು.

ಒತ್ತಿದ ಕೀ ಎಲ್ಲಾ ದಾಖಲಾಗುತ್ತೆ ಅಂದರೆ ನಿಮ್ಮ ನೆಟ್‌ಬ್ಯಾಂಕಿಂಗ್ ಪಾಸ್‌ವರ್ಡೂ ದಾಖಲಾಗುತ್ತೆ. ಸ್ಕ್ರೀನ್‌ಶಾಟಿನಲ್ಲಿ ಬೆಳೆಗಾರರ ಖಾತೆ ನಂಬರು, ಆಧಾರ್, ಬಾಕಿ ಎಲ್ಲಾ ಇರುತ್ತೆ. ಅದೆಲ್ಲ ಹೋಗಿ ಕೂರೋದು ಬೇರೆ ಯಾರದೋ ಸರ್ವರಿನಲ್ಲಿ. ವರ್ಕ್‌ಕಂಪೋಸರ್ ಅನ್ನೋ ಇಂಥದ್ದೇ ಸಾಫ್ಟ್‌ವೇರಿನ 2 ಕೋಟಿಗೂ ಹೆಚ್ಚು ಸ್ಕ್ರೀನ್‌ಶಾಟ್ ಅಮೆಜಾನ್ ಸ್ಟೋರೇಜಿನಲ್ಲಿ ಬೀಗವೇ ಇಲ್ಲದೆ ಬಿದ್ದಿದ್ದು 2025ರಲ್ಲಿ ಹೊರಬಿತ್ತು. ಅದರ ಹಿಂದಿನ ವರ್ಷ ಪಿಸಿಟ್ಯಾಟಲ್‌ಟೇಲ್ ಅನ್ನೋದು ಹ್ಯಾಕ್ ಆಗಿ ಅಂಗಡಿಯನ್ನೇ ಮುಚ್ಚಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಪ್ರಕಾರ, ಮಾಹಿತಿಯನ್ನ ಬೇರೆ ಕಂಪನಿ ಇಟ್ಟುಕೊಂಡಿದ್ದರೂ ಅದನ್ನ ಕಾಪಾಡೋ ಹೊಣೆ ಸಂಗ್ರಹಿಸಿದವರದ್ದೇ. ಅಂದರೆ ನಿಮ್ಮದು. ಇನ್ನು ಆಂಟಿವೈರಸ್ ವಿನಾಯಿತಿ ಕೇಳಿದಾಗಲೇ ಅವರನ್ನ ಕಳಿಸಿಬಿಡಬೇಕಿತ್ತು. ವಿನಾಯಿತಿ ಕೊಟ್ಟ ಫೋಲ್ಡರಿಗೆ ನಾಳೆ ಬೇರೇನಾದ್ರೂ ಬಂದು ಸೇರಿಕೊಂಡರೆ ಹಿಡಿಯೋರೇ ಇರಲ್ಲ.

ಇಷ್ಟೆಲ್ಲಾ ಆದಮೇಲೂ ನಿಮಗೆ ಬೇಕಾದ ಉತ್ತರ ಸಿಗುತ್ತಾ ಅಂದರೆ, ಅದೂ ಅನುಮಾನ. ಒಂದು ಅಂಕಿ ತಿದ್ದೋಕೆ ಹತ್ತು ಸೆಕೆಂಡು ಸಾಕು, ಐದು ನಿಮಿಷಕ್ಕೊಮ್ಮೆ ತೆಗೆದ ಚಿತ್ರದಲ್ಲಿ ಅದು ಸಿಗದೇ ಹೋಗಬಹುದು. ಸಿಕ್ಕರೂ ಕುರ್ಚಿಯಲ್ಲಿ ಯಾರಿದ್ದರು ಅಂತ ಹೇಳೋದು ಹೇಗೆ?

ಟ್ಯಾಲಿಯ ಹೊಸ ಆವೃತ್ತಿ ಟ್ಯಾಲಿಪ್ರೈಮ್‌ನಲ್ಲಿ ಎಡಿಟ್ ಲಾಗ್ ಇದೆ. ಯಾವ ವೋಚರನ್ನ, ಅಂದರೆ ಯಾವ ಲೆಕ್ಕದ ನಮೂದನ್ನ, ಯಾರು, ಯಾವಾಗ, ಏನಿದ್ದದ್ದನ್ನ ಏನು ಮಾಡಿದರು ಅಂತ ಅದು ಬರೆದಿಡುತ್ತೆ. ನೋಂದಾಯಿತ ಕಂಪನಿಗಳಿಗೆ ಇಂಥ ದಾಖಲೆ 2023ರ ಏಪ್ರಿಲ್ 1ರಿಂದ ಕಡ್ಡಾಯ. ನಿಮ್ಮದು ಪಾಲುದಾರಿಕೆ ಆದರೆ ಕಡ್ಡಾಯ ಅಲ್ಲ, ಆದರೂ ಹಾಕಿಕೊಳ್ಳಿ. ಮೂವರಿಗೂ ಬೇರೆ ಬೇರೆ ಲಾಗಿನ್ ಕೊಡಿ, ಇಲ್ಲದಿದ್ದರೆ ಲಾಗ್ ಇದ್ದೂ ಪ್ರಯೋಜನ ಇಲ್ಲ. ವಿಂಡೋಸ್‌ನಲ್ಲೂ ಅವರದ್ದು ಸ್ಟ್ಯಾಂಡರ್ಡ್ ಅನ್ನೋ ಸಾಮಾನ್ಯ ಖಾತೆಯಾಗಿರಲಿ, ಎಲ್ಲಾ ಬದಲಿಸೋ ಅಧಿಕಾರ ಇರೋ ಅಡ್ಮಿನ್ ಖಾತೆ ನಿಮ್ಮ ಕೈಯಲ್ಲಿರಲಿ.

ಹೊಸನಗರದಿಂದ ಕೆಲಸ:

ಅಣ್ಣಾ, ನಿಗಾದೊಳಗೇ ಕೂತು ಕೆಲಸ ಮಾಡೋಳ ಮಾತು ಇದು. ಬೆಂಗಳೂರಿನ ಕಂಪನಿಗೆ ಮನೆಯಿಂದಲೇ ಕೆಲಸ ಮಾಡ್ತೀನಿ, ಲ್ಯಾಪ್‌ಟಾಪಿನಲ್ಲಿ ಅವರ ಟ್ರ್ಯಾಕರ್ ಇದೆ. ಮಳೆಗಾಲದಲ್ಲಿ ಇಲ್ಲಿ ಕರೆಂಟು ಹೋದರೆ ಟವರೂ ಹೋಯ್ತು, ಅಷ್ಟು ಹೊತ್ತೂ ನಾನು ಕೆಲಸ ಮಾಡಿಲ್ಲ ಅಂತಲೇ ಲೆಕ್ಕ. ಉದ್ದದ ದಾಖಲೆ ಓದ್ತಾ ಕೂತರೂ ಅಷ್ಟೇ, ಮೌಸ್ ಅಲುಗಾಡಬೇಕು. ಆದರೆ ಏನೇನು ದಾಖಲಾಗುತ್ತೆ, ಯಾರು ನೋಡ್ತಾರೆ ಅಂತ ಸೇರಿದ ದಿನವೇ ಬರೆದು ಕೊಟ್ಟಿದ್ದರು, ಅದಕ್ಕೇ ಸಹಿಸಿಕೊಂಡಿದ್ದೀನಿ. ಕದ್ದು ನೋಡಿದ್ದರೆ ಒಂದು ದಿನವೂ ಇರ್ತಿರಲಿಲ್ಲ. ನಿಮ್ಮ ಹುಡುಗರಿಗೂ ಗೊತ್ತಾಗದೇ ಇರಲ್ಲ, ಸಾಗರ ಎಷ್ಟು ದೊಡ್ಡ ಊರು?

ಸಾಗರದ ಮಂಡಿ:

ತುಂಬಾ ಉಪಕಾರ ಆಯ್ತು. ಸಾಫ್ಟ್‌ವೇರ್ ಬೇಡ ಅಂತ ಅವರಿಗೆ ಫೋನ್ ಮಾಡಿ ಹೇಳಿದೆ. ಎರಡು ಅನುಮಾನ: ಹೋದ ಕೊಯ್ಲಿನ ತಿದ್ದುಪಡಿ ಎಡಿಟ್ ಲಾಗಿನಲ್ಲಿ ಸಿಗುತ್ತಾ? ತೂಕದ ಚೀಟಿಯ ಪ್ರೋಗ್ರಾಂ ಬೇರೆ ಇದೆ, ಅದಕ್ಕೇನು ಮಾಡೋದು?

ಶಿವಮೊಗ್ಗ ಸರ್ವಿಸ್:

ಹಳೇದು ಸಿಗಲ್ಲ, ಲಾಗ್ ಆನ್ ಮಾಡಿದ ಮೇಲಿನದ್ದು ಮಾತ್ರ. ಹಳೇ ಬ್ಯಾಕಪ್ ಇದ್ದರೆ ಬೇರೆ ಕಂಪ್ಯೂಟರಿನಲ್ಲಿ ತೆರೆದು ತಾಳೆ ನೋಡಿ, ಯಾವ ದಿನದ ಆಸುಪಾಸಿನಲ್ಲಿ ಬದಲಾಯ್ತು ಅಂತಾದರೂ ತಿಳಿಯುತ್ತೆ. ತೂಕದ ಪ್ರೋಗ್ರಾಂ ಮಾಡಿಕೊಟ್ಟವರನ್ನ ಕರೆದು, ಪ್ರಿಂಟಾದ ಚೀಟಿ ತಿದ್ದೋಕೆ ನಿಮ್ಮ ಲಾಗಿನ್ನೇ ಬೇಕು ಅನ್ನೋ ಹಾಗೆ ಮಾಡಿಸಿ. ಚೀಟಿಯ ಒಂದು ಪ್ರತಿ ಬೆಳೆಗಾರರ ಕೈಗೆ ಅಲ್ಲೇ ಕೊಡಿ. ಶುರು ಮಾಡೋ ಮುಂಚೆ ಹುಡುಗರನ್ನ ಕೂರಿಸಿ ಎಲ್ಲಾ ಹೇಳಿ. ಲಾಗಿನ್ ಮಾಡಿಕೊಡೋಕೆ ಕಷ್ಟ ಆದರೆ ಇಲ್ಲೇ ಬರೀರಿ, ಫೋನಲ್ಲೇ ಹೇಳಿಕೊಡ್ತೀನಿ.