ನುಡಿ, ಪೇಜ್‌ಮೇಕರ್ ಇರುವ ಹಳೇ ವಿಂಡೋಸ್ 7 ಪಿಸಿ: ಬಿಸಾಡ್ಲಿಕ್ಕೆ ಮನಸ್ಸಿಲ್ಲ, ಇಟ್ಕೊಳ್ಲಿಕ್ಕೆ ಹೆದರಿಕೆ

ಕಟಪಾಡಿ_ಡಿಟಿಪಿ

ನಮಸ್ಕಾರ ಎಲ್ಲರಿಗೂ. ಕಟಪಾಡಿ ಹತ್ರ ನಮ್ಮದೊಂದು ಸಣ್ಣ ಡಿಟಿಪಿ, ಝೆರಾಕ್ಸ್ ಅಂಗಡಿ ಉಂಟು. ಎರಡು ಕಂಪ್ಯೂಟರ್. ಒಂದು ವಿಂಡೋಸ್ 7, ಪುಟ ಕಟ್ಟುವ ಪೇಜ್‌ಮೇಕರ್ ಮತ್ತು ಕನ್ನಡ ಟೈಪಿಂಗ್‌ನ ನುಡಿ ಅದ್ರಲ್ಲೇ ಇರುದು, ಬ್ರಹ್ಮಕಲಶದ ಆಮಂತ್ರಣ, ಕೋಲದ ಕಾಗದ, ಯಕ್ಷಗಾನದ ಹ್ಯಾಂಡ್‌ಬಿಲ್ ಎಲ್ಲ ಅದ್ರಲ್ಲೇ ಮಾಡಿದ್ದು, ವರ್ಷಗಟ್ಲೆಯ ಫೈಲ್ ಉಂಟು, ಹಳೇ ಗಿರಾಕಿ ಬಂದು ಹೋದ ಸಲದ್ದೇ ಮಾಡಿ ತಾರೀಕು ಮಾತ್ರ ಬದ್ಲಿಸಿ ಅಂದ್ರೆ ಐದು ನಿಮಿಷದ ಕೆಲಸ. ಇನ್ನೊಂದು ವಿಂಡೋಸ್ 10, ಐ3 ನಾಲ್ಕನೇ ಜನರೇಶನ್, 8 ಜಿಬಿ ರ‍್ಯಾಮ್, ಎಸ್‌ಎಸ್‌ಡಿ ಹಾಕ್ಸಿದ್ದೇನೆ. ಸೇವಾಸಿಂಧು, ಆರ್‌ಟಿಸಿ, ಜನರ ವಾಟ್ಸಾಪ್ ಪ್ರಿಂಟ್, ನನ್ನ ಬ್ಯಾಂಕು, ಜಿಎಸ್‌ಟಿ ಎಲ್ಲ ಅದ್ರಲ್ಲಿ. ಎರಡೂ ಒಂದೇ ರೂಟರ್‌ಗೆ, ಝೆರಾಕ್ಸ್ ಮೆಷಿನ್ನೂ ಅದಕ್ಕೇ.

ಈಗ 10ಕ್ಕೂ ಸಪೋರ್ಟ್ ಮುಗೀತಂತೆ, 11 ಇದಕ್ಕೆ ಹೋಗುದಿಲ್ಲ ಅಂತ ಬರ್ತದೆ. ಸರ್ವಿಸ್‌ನವ ಎರಡೂ ತೆಗೆದು ಹೊಸತು ತಗೊಳ್ಳಿ ಅಂತಾನೆ. ಮೊನ್ನೆ ಒಬ್ರ ಪೆನ್‌ಡ್ರೈವ್ ಹಾಕಿದಾಗ ಫೋಲ್ಡರ್ ಎಲ್ಲ ಶಾರ್ಟ್‌ಕಟ್ ಆಗಿ ಕಾಣ್ತಿತ್ತು, ಅಲ್ಲಿಂದ ನಂಗೆ ನಿದ್ದೆ ಇಲ್ಲ ಮಾರಾಯ್ರೆ. ಒಳ್ಳೇ ಆಂಟಿವೈರಸ್ ಒಂದು ದುಡ್ಡು ಕೊಟ್ಟು ಹಾಕಿದ್ರೆ ಸಾಕಾ? ಅಥವಾ ಎಂತ ಮಾಡುದು?

ಸುರತ್ಕಲ್_ಲೈಟ್‌ಹೌಸ್

ಬಿಸಾಡ್ಬೇಡಿ. 7ರ ಪಿಸಿಯ ನೆಟ್ ಕೇಬಲ್ ಈಗ್ಲೇ ಎಳೀರಿ, ಉಳಿದದ್ದು ಮತ್ತೆ ಮಾತಾಡುವ.

ಮಣಿಪಾಲ_ನೆಟ್‌ವರ್ಕ್

ಮೇಲಿನವರು ಹೇಳಿದ್ದು ಸಮ ಉಂಟು, ಯಾಕೆ ಅಂತ ನಾನು ಹೇಳ್ತೇನೆ. ಎರಡು ಪಿಸಿಯ ಕಥೆ ಬೇರೆ ಬೇರೆ, ಒಟ್ಟಿಗೆ ಕಲಸ್ಬೇಡಿ.

ವಿಂಡೋಸ್ 7ಕ್ಕೆ ಸಪೋರ್ಟ್ ನಿಂತದ್ದು 2020 ಜನವರಿ 14ಕ್ಕೆ, ದುಡ್ಡು ಕೊಟ್ಟು ಎಳ್ಕೊಂಡು ಹೋದ ಕಂಪೆನಿಗಳಿಗೂ 2023 ಜನವರಿಗೆ ಮುಗೀತು. ಕ್ರೋಮ್ ಅದ್ರಲ್ಲಿ 109ಕ್ಕೆ ನಿಂತಿದೆ, ಮೇಲೆ ಹೋಗುದಿಲ್ಲ. ಸಪೋರ್ಟ್ ನಿಂತ್ರೆ ಪಿಸಿ ಹಾಳಾಯ್ತು ಅಂತಲ್ಲ, ಇನ್ನು ಮುಂದೆ ಸಿಗುವ ತೂತುಗಳನ್ನು ಮುಚ್ಲಿಕ್ಕೆ ಯಾರೂ ಇಲ್ಲ ಅಂತ ಅಷ್ಟೆ. ಅದ್ರಲ್ಲಿ ಜನ ಯೋಚನೆ ಮಾಡದ ಒಂದು ವಿಷಯ ಉಂಟು. ಹೊಸ ವಿಂಡೋಸ್‌ಗೆ ತಿಂಗಳು ತಿಂಗಳು ತೂತು ಮುಚ್ಚುವ ಪ್ಯಾಚ್ ಬರ್ತದಲ್ಲ, ಕಳ್ಳರು ಆ ಪ್ಯಾಚನ್ನೇ ಬಿಚ್ಚಿ ಎಲ್ಲಿ ಸರಿ ಮಾಡಿದ್ದಾರೆ ಅಂತ ನೋಡ್ತಾರೆ, ಅದೇ ಹಳೇ ಕೋಡ್ 7ರಲ್ಲೂ ಇದ್ರೆ ಅವರಿಗೆ ಬಾಗಿಲು ಎಲ್ಲುಂಟು ಅಂತ ಪುಕ್ಕಟೆ ಗೊತ್ತಾಯ್ತು. ಇದಕ್ಕೆ ಆಂಟಿವೈರಸ್ ಪೂರ್ತಿ ಮದ್ದಲ್ಲ, ಅದು ಬಂದ ಫೈಲನ್ನು ಹಿಡೀತದೆ, ಗೋಡೆಯ ತೂತು ಮುಚ್ಚುದಿಲ್ಲ.

2017 ಮೇಯಲ್ಲಿ ವನ್ನಾಕ್ರೈ ಅಂತ ಫೈಲ್ ಲಾಕ್ ಮಾಡಿ ದುಡ್ಡು ಕೇಳುವ ವೈರಸ್ ಬಂತು, ನೆನಪಿರಬಹುದು. ಯಾರೂ ಎಂತದೂ ಕ್ಲಿಕ್ ಮಾಡ್ಬೇಕಂತಿರ್ಲಿಲ್ಲ, ಒಂದು ಪಿಸಿಗೆ ಹೊಕ್ಕಿದ್ರೆ ಫೈಲ್ ಶೇರಿಂಗ್‌ನ ಹಳೇ ವಿಧಾನ ಎಸ್‌ಎಂಬಿ ವರ್ಷನ್ 1ರ ಮೂಲಕ ಅದೇ ನೆಟ್‌ವರ್ಕ್‌ನ ಪಕ್ಕದ ಪಿಸಿಗೆ ತನ್ನಷ್ಟಕ್ಕೇ ದಾಟ್ತಿತ್ತು. ಸಿಕ್ಕಿಬಿದ್ದದ್ರಲ್ಲಿ ಹೆಚ್ಚಿನವು ವಿಂಡೋಸ್ 7. ಪ್ಯಾಚ್ ಮಾರ್ಚ್‌ನಲ್ಲೇ ಬಂದಿತ್ತು, ಹಾಕದವರು ಹೋದ್ರು. ಈಗ ನಿಮ್ಮ 7ಕ್ಕೆ ಹೊಸ ತೂತು ಸಿಕ್ಕಿದ್ರೆ ಹಾಕ್ಲಿಕ್ಕೆ ಪ್ಯಾಚೇ ಇಲ್ಲ, ಪಕ್ಕದ 10ರಲ್ಲಿ ನಿಮ್ಮ ಬ್ಯಾಂಕ್ ಉಂಟು. ಅದಕ್ಕೇ ಕೇಬಲ್ ಎಳೀಲಿಕ್ಕೆ ಹೇಳುದು. ವೈಫೈ ಡಾಂಗಲ್ ಇದ್ರೆ ಅದನ್ನೂ ತೆಗೆದು ಡ್ರಾವರ್‌ಗೆ ಹಾಕಿ, ಪ್ರಿಂಟರನ್ನು ಯುಎಸ್‌ಬಿ ಕೇಬಲ್‌ನಲ್ಲಿ ಕೊಡಿ. ಪೇಜ್‌ಮೇಕರ್‌ಗೆ ಇಂಟರ್ನೆಟ್ ಎಂತಕ್ಕೆ?

ಇನ್ನು ಪೆನ್‌ಡ್ರೈವ್. ನಿಮ್ಮದೇ ಅಂತ ಒಂದು ಇಟ್ಕೊಳ್ಳಿ, ಮೇಲೆ ಕೆಂಪು ಟೇಪ್ ಸುತ್ತಿ, ಅದು ಮಾತ್ರ 7ಕ್ಕೆ ಹೋಗುದು. ಗಿರಾಕಿಯದ್ದು ಯಾವುದೇ ಇರ್ಲಿ, ದೇವಸ್ಥಾನದ ಮೊಕ್ತೇಸರರದ್ದೇ ಇರ್ಲಿ, 10ಕ್ಕೆ ಹಾಕಿ, ವಿಂಡೋಸ್ ಜೊತೆಗೇ ಬರುವ ಆಂಟಿವೈರಸ್ ಡಿಫೆಂಡರ್‌ನಲ್ಲಿ ಸ್ಕ್ಯಾನ್ ಮಾಡಿ, ಬೇಕಾದ ಒಂದು ಫೈಲ್ ಮಾತ್ರ ನಿಮ್ಮದಕ್ಕೆ ಕಾಪಿ ಮಾಡಿ. ಶಾರ್ಟ್‌ಕಟ್ ಆಗಿ ಕಾಣುದು ಹಳೇ ಕಾಯಿಲೆ: ನಿಜವಾದ ಫೋಲ್ಡರನ್ನು ಅಡಗಿಸಿ ಅದೇ ಹೆಸರಿನ ಶಾರ್ಟ್‌ಕಟ್ ಇಡ್ತದೆ, ನೀವು ಫೋಲ್ಡರ್ ಅಂತ ಡಬಲ್ ಕ್ಲಿಕ್ ಮಾಡಿದ್ರೆ ಹಿಂದಿನಿಂದ ವೈರಸ್ ಓಡ್ತದೆ. ವಿಂಡೋಸ್ 7ರಲ್ಲಿ ಪೆನ್‌ಡ್ರೈವ್‌ಗೆ ಆಟೋರನ್ ಮೊದ್ಲಿಂದಲೇ ಬಂದ್, ಹಾಗಾಗಿ ಚುಚ್ಚಿದ ಕೂಡ್ಲೆ ಹೆಚ್ಚಾಗಿ ಎಂತ ಆಗುದಿಲ್ಲ, ಕ್ಲಿಕ್‌ನಲ್ಲೇ ಇರುದು ಎಲ್ಲ. ಫೋಲ್ಡರ್ ಆಪ್ಶನ್ಸ್‌ನಲ್ಲಿ ಹಿಡನ್ ಫೈಲ್ ಮತ್ತು ಫೈಲ್ ಎಕ್ಸ್‌ಟೆನ್ಶನ್ ಕಾಣುವ ಹಾಗೆ ಮಾಡಿ ಇಡಿ, ಪಿಡಿಎಫ್ ಅಂತ ವೇಷ ಹಾಕ್ಕೊಂಡು ಬಂದ ಇಎಕ್ಸ್‌ಇ, ಅಂದ್ರೆ ಪ್ರೋಗ್ರಾಮ್ ಫೈಲ್, ಅಲ್ಲಿಗೇ ಸಿಕ್ಕಿಬೀಳ್ತದೆ.

10ರದ್ದು ಅಷ್ಟು ತಲೆಬಿಸಿ ಇಲ್ಲ. ಸಪೋರ್ಟ್ ಮುಗಿದದ್ದು 2025 ಅಕ್ಟೋಬರ್ 14ಕ್ಕೆ, ಆದ್ರೆ ಇಎಸ್‌ಯು ಅಂತ ಉಂಟು, ಅದಕ್ಕೆ ಸೇರಿದ್ರೆ 2026 ಅಕ್ಟೋಬರ್ 13ರ ವರೆಗೆ ಸೆಕ್ಯೂರಿಟಿ ಅಪ್‌ಡೇಟ್ ಬರ್ತದೆ. ವರ್ಷನ್ 22ಎಚ್2 ಇರ್ಬೇಕು, ಮೈಕ್ರೋಸಾಫ್ಟ್ ಅಕೌಂಟ್ ಬೇಕು. ಸೆಟ್ಟಿಂಗ್ಸ್ ಬ್ಯಾಕಪ್ ಸಿಂಕ್ ಆನ್ ಮಾಡಿದ್ರೆ ದುಡ್ಡಿಲ್ಲ, ಅದು ಬೇಡದಿದ್ರೆ 30 ಡಾಲರ್. ವಿಂಡೋಸ್ ಅಪ್‌ಡೇಟ್ ಪೇಜ್‌ನಲ್ಲೇ ಸೇರುವ ಲಿಂಕ್ ಕಾಣ್ತದೆ.

ಕುಂದಾಪ್ರ_ಕಂಪ್ಯೂಟರ್

ಹ್ವಾಯ್, ಇಷ್ಟೆಲ್ಲ ಎಂತಕ್ಕೆ? ರೂಫಸ್ ಅಂತ ಸಾಫ್ಟ್‌ವೇರ್‌ನಲ್ಲಿ ವಿಂಡೋಸ್ ಹಾಕುವ ಪೆನ್‌ಡ್ರೈವ್ ಮಾಡಿ, ಟಿಪಿಎಂ (ಸೆಕ್ಯೂರಿಟಿ ಚಿಪ್) ಚೆಕ್ ತೆಗೀರಿ, ನಾಲ್ಕನೇ ಜನರೇಶನ್‌ಗೆ ವಿಂಡೋಸ್ 11 ಆರಾಮಾಗಿ ಹೋಗ್ತದೆ. ನಾನು ಎಷ್ಟೋ ಜನರಿಗೆ ಹಾಕಿಕೊಟ್ಟಿದ್ದೇನೆ.

ಮಣಿಪಾಲ_ನೆಟ್‌ವರ್ಕ್

ಹೋಗ್ತದೆ, ಇಲ್ಲ ಅಂತ ಹೇಳ್ಲಿಲ್ಲ. ಆದ್ರೆ ಮೈಕ್ರೋಸಾಫ್ಟ್ ಲೆಕ್ಕದಲ್ಲಿ ಬೇಕಾದದ್ದು ಇಂಟೆಲ್ ಎಂಟನೇ ಜನರೇಶನ್ ಮತ್ತು ಟಿಪಿಎಂ 2.0, ಅದಿಲ್ಲದ ಪಿಸಿಗೆ ಅಪ್‌ಡೇಟ್ ಕೊಡುವ ಜವಾಬ್ದಾರಿ ತಮಗಿಲ್ಲ ಅಂತ ಅವರೇ ಬರೆದಿದ್ದಾರೆ. ತಿಂಗಳ ಪ್ಯಾಚ್ ಬರ್ತಾ ಇರ್ತದೆ, ವರ್ಷದ ದೊಡ್ಡ ವರ್ಷನ್ ಮಾತ್ರ ಪುನಃ ಪೆನ್‌ಡ್ರೈವ್ ಹಿಡ್ಕೊಂಡು ಕೂತು ಹಾಕ್ಬೇಕು. ನಿಮ್ಮಂತ ಕೈ ಪಳಗಿದವರ ಮನೆ ಪಿಸಿಗೆ ಅಡ್ಡಿಯಿಲ್ಲ. ಅಂಗಡಿಯಲ್ಲಿ ನಾಲ್ಕು ಜನ ಅರ್ಜಿ ಹಿಡ್ಕೊಂಡು ನಿಂತಿರುವಾಗ ಆ ಪಂಚಾತಿಗೆ ಬೇಡ ಅಂತ ನನ್ನ ಅಭಿಪ್ರಾಯ. ಇಎಸ್‌ಯು ಇರುವಷ್ಟು ದಿನ 10ರಲ್ಲೇ ಇದ್ದು, ಆ ಮೇಲೆ ಸೆಕೆಂಡ್‌ಹ್ಯಾಂಡ್ ಎಂಟನೇ ಜನರೇಶನ್ ಆಫೀಸ್ ಪಿಸಿ ಒಂದು ನೋಡಿದ್ರಾಯ್ತು.

ಕುಂದಾಪ್ರ_ಕಂಪ್ಯೂಟರ್

ಅದೂ ಸರಿಯೇ. ಆದ್ರೆ ಯಾವ ವಿಂಡೋಸ್ ಹಾಕಿದ್ರೂ ಲೈಸೆನ್ಸ್ ಇಲ್ಲದೆ ವಿಂಡೋಸ್ ಓಡಿಸುವ ಆಕ್ಟಿವೇಟರ್ ಅಂತ ಪುಕ್ಕಟೆ ಸಿಗುವ ಸಾಮಾನು ಹಾಕ್ಬೇಡಿ ಮಾರಾಯ್ರೆ. ಅದು ಮೊದ್ಲು ಕೇಳುದೇ ಡಿಫೆಂಡರ್ ಆಫ್ ಮಾಡಿ ಅಂತ. ಮತ್ತೆ ಆಂಟಿವೈರಸ್‌ಗೆ ದುಡ್ಡು ಕೊಟ್ಟು ಎಂತ ಪ್ರಯೋಜನ.

ಕದ್ರಿ_ಗುಡ್ಡೆ

ನಾನು ಹಂಪನಕಟ್ಟೆಯ ಪ್ರೆಸ್‌ಗಳಿಗೆ ತುಂಬಾ ವರ್ಷ ಪೇಜ್ ಕಟ್ಟಿಕೊಟ್ಟವ, ಹಾಗಾಗಿ ಡಿಟಿಪಿ ಕಡೆಯಿಂದ ಎರಡು ಮಾತು.

ನೀವು ವೈರಸ್‌ಗೆ ಹೆದರ್ತಾ ಇದ್ದೀರಿ, ನಂಗೆ ಆ 7ರ ಹಾರ್ಡ್‌ಡಿಸ್ಕ್‌ನದ್ದೇ ಹೆದರಿಕೆ. ನಮ್ಮ ಮಳೆಗಾಲದ ಶೀತ, ಮೇಲಿಂದ ಕರೆಂಟ್ ಹೋಗಿ ಬರುದು, ಅದು ಯಾವತ್ತು ಕೈ ಕೊಡ್ತದೆ ಹೇಳ್ಲಿಕ್ಕಾಗುದಿಲ್ಲ. ಫೈಲ್ ಜೊತೆ ನುಡಿಯ ಫಾಂಟ್ ಫೋಲ್ಡರ್, ಪೇಜ್‌ಮೇಕರ್ ಸೆಟಪ್, ಪ್ರಿಂಟರ್ ಡ್ರೈವರ್ ಎಲ್ಲ ಸೇರಿಸಿ ಎಕ್ಸ್‌ಟರ್ನಲ್ ಡಿಸ್ಕ್‌ಗೆ ಹಾಕಿ, ಡ್ರೈವರ್ ಕಳೆದು ಹೋದ್ರೆ 7ಕ್ಕೆ ಆಗುವಂಥದ್ದು ಹುಡುಕುದು ಭಾರಿ ಕಷ್ಟ. ಕಾಪಿ ಆದ ಮೇಲೆ ಡಿಸ್ಕನ್ನು ಪಿಸಿಯಲ್ಲೇ ಬಿಡ್ಬೇಡಿ, ಸಿಡಿಲು ಬರುವಾಗ ಟಿವಿಯ ಪ್ಲಗ್ ತೆಗೀತೇವಲ್ಲ ಹಾಗೆ. ರ‍್ಯಾನ್ಸಮ್‌ವೇರ್ (ವನ್ನಾಕ್ರೈ ಜಾತಿಯದ್ದು) ಬಂದ್ರೆ ಚುಚ್ಚಿಟ್ಟ ಡಿಸ್ಕನ್ನೂ ಲಾಕ್ ಮಾಡ್ತದೆ.

ಆಮೇಲೆ ಮಷಿನ್ನೇ ಸತ್ರೆ ಎಂತ ಅಂತ ಕೇಳಿದ್ರೆ: 10 ಇರುವ ಪಿಸಿಯಲ್ಲೇ ವರ್ಚುವಲ್‌ಬಾಕ್ಸ್ (ಪಿಸಿಯೊಳಗೆ ಇನ್ನೊಂದು ಪಿಸಿ ಓಡಿಸುವ ಸಾಫ್ಟ್‌ವೇರ್) ಹಾಕಿ ಅದರೊಳಗೆ ವಿಂಡೋಸ್ 7, 2 ಜಿಬಿ ರ‍್ಯಾಮ್ ಕೊಟ್ರೆ ಪೇಜ್‌ಮೇಕರ್‌ಗೆ ಧಾರಾಳ ಸಾಕು. ಸೆಟ್ಟಿಂಗ್‌ನಲ್ಲಿ ನೆಟ್‌ವರ್ಕ್ ಅಡಾಪ್ಟರ್ ಟಿಕ್ ತೆಗೀಬೇಕು, ಅದೇ ಮುಖ್ಯ. ಎಲ್ಲ ಸರಿ ಕೂತ ಮೇಲೆ ಒಂದು ಸ್ನ್ಯಾಪ್‌ಶಾಟ್ ತೆಗೆದಿಟ್ರೆ ಎಂತ ಹಾಳಾದ್ರೂ ಆ ದಿನಕ್ಕೆ ವಾಪಸ್ ಹೋಗ್ಲಿಕ್ಕಾಗ್ತದೆ. ಕೆಲವರು ವಿಂಡೋಸ್ ಬದ್ಲಿಗೆ ಲಿನಕ್ಸ್ ಮಿಂಟ್ ಹಾಕಿ ಅಂತ ಹೇಳ್ಬಹುದು, ಬ್ರೌಸಿಂಗ್‌ಗೆ ಒಳ್ಳೇದೇ, 4 ಜಿಬಿ ಇದ್ರೆ ಚಂದ ಓಡ್ತದೆ, ಆದ್ರೆ ಜಿಎಸ್‌ಟಿಗೆ ಡಿಜಿಟಲ್ ಸಹಿಯ ಟೋಕನ್ ಬಳಸುವವರಾದ್ರೆ ಅದ್ರಲ್ಲಿ ಕೂರಿಸುದು ದೊಡ್ಡ ಪೀಕಲಾಟ. ಏನೇ ಪ್ರಯೋಗ ಇದ್ರೂ ಪತ್ತನಾಜೆ ಕಳೀಲಿ, ಕೋಲ ಆಟ ಎಲ್ಲ ಮುಗಿದು ಅಂಗಡಿ ಖಾಲಿ ಇರುವಾಗ ಮಾಡಿ. ಸೀಸನ್ ಮಧ್ಯೆ ಮುಟ್ಲೇಬೇಡಿ.

ಹೊಸ ಆಮಂತ್ರಣಗಳನ್ನಾದ್ರೂ ಯಾವ ಪಿಸಿಯಲ್ಲೂ ಓದ್ಲಿಕ್ಕಾಗುವ ಯೂನಿಕೋಡ್ ಕನ್ನಡದಲ್ಲಿ ಶುರು ಮಾಡಿ ಅಂತ ನನ್ನ ಸಲಹೆ. ಪೇಜ್‌ಮೇಕರ್‌ನಂಥದ್ದೇ ಸಾಫ್ಟ್‌ವೇರ್ ಸ್ಕ್ರೈಬಸ್ 1.6ರಲ್ಲಿ ಕನ್ನಡದ ಒತ್ತಕ್ಷರ ಸರಿ ಕೂರ್ತದೆ. ಇಲ್ಲದಿದ್ರೆ ನೀವು ಮೂವತ್ತು ವರ್ಷದ ಹಿಂದಿನ ಫಾಂಟ್ ಪದ್ಧತಿಗೋಸ್ಕರ ಹಳೇ ವಿಂಡೋಸನ್ನು ಸಾಕ್ತಾನೇ ಇರ್ಬೇಕು.

ಕಟಪಾಡಿ_ಡಿಟಿಪಿ

ಎಲ್ರಿಗೂ ದೊಡ್ಡ ಉಪಕಾರ. ಕೇಬಲ್ ತೆಗೆದೆ, ಇಎಸ್‌ಯುಗೂ ಸೇರಿಯಾಯ್ತು. 10ರಲ್ಲಿ ಎಸ್‌ಎಂಬಿ 1 ಆನ್ ಇತ್ತು, ಅದನ್ನೂ ಆಫ್ ಮಾಡಿದೆ, ಮಾಡಿದ ಕೂಡ್ಲೆ ಝೆರಾಕ್ಸ್ ಮೆಷಿನ್‌ನಿಂದ ಸ್ಕ್ಯಾನ್ ಫೋಲ್ಡರ್‌ಗೆ ಬರುದೇ ನಿಂತೋಯ್ತು! ಆಧಾರ್, ರೇಷನ್ ಕಾರ್ಡ್ ಸ್ಕ್ಯಾನ್ ದಿನವಿಡೀ ಇರ್ತದೆ. ಪುನಃ ಆನ್ ಮಾಡ್ಲಾ? ಮತ್ತೆ ನನ್ನ ಬ್ಯಾಂಕ್ ಇದೇ ಪಿಸಿಯಲ್ಲಿ ನೋಡ್ಬಹುದಾ?

ಮಣಿಪಾಲ_ನೆಟ್‌ವರ್ಕ್

ಬೇಡ ಬೇಡ. ಹಳೇ ಕಾಪಿಯರ್‌ಗಳಲ್ಲಿ ತುಂಬಾ ಕಡೆ ಇದೇ ಕಥೆ, ಅವಕ್ಕೆ ಎಸ್‌ಎಂಬಿ 1 ಬಿಟ್ರೆ ಬೇರೆ ಭಾಷೆ ಬರುದಿಲ್ಲ. ಮೊದ್ಲು ಮೆಷಿನ್‌ನ ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ಎಸ್‌ಎಂಬಿ 2 ಅಥವಾ 3 ಆಯ್ಕೆ ಉಂಟಾ ನೋಡಿ, ಕೆಲವದ್ದಕ್ಕೆ ಫರ್ಮ್‌ವೇರ್ (ಮೆಷಿನ್‌ನೊಳಗಿನ ಸಾಫ್ಟ್‌ವೇರ್) ಅಪ್‌ಡೇಟ್‌ನಲ್ಲಿ ಬಂದಿರ್ತದೆ. ಇಲ್ಲದಿದ್ರೆ ಸ್ಕ್ಯಾನ್ ಟು ಯುಎಸ್‌ಬಿ, ಮೆಷಿನ್‌ನ ಬದಿಯಲ್ಲಿ ಪೋರ್ಟ್ ಇರ್ತದೆ. ಆಧಾರ್ ಪ್ರತಿಗಳನ್ನು ಸಂಜೆ ಅಂಗಡಿ ಮುಚ್ಚುವ ಮೊದ್ಲು ಡಿಲೀಟ್ ಮಾಡಿ, ರಿಸೈಕಲ್ ಬಿನ್‌ನಿಂದಲೂ. ಇಲ್ಲದ ಫೈಲನ್ನು ಯಾರೂ ಕದೀಲಿಕ್ಕಾಗುದಿಲ್ಲ.

ಬ್ಯಾಂಕ್ ಮಾತ್ರ ಅಂಗಡಿ ಪಿಸಿಯಲ್ಲಿ ಬೇಡ, ಅಪ್‌ಡೇಟ್ ಬರುವ ನಿಮ್ಮ ಮೊಬೈಲೇ ವಾಸಿ. ಜಿಎಸ್‌ಟಿಗೆ ಬೇರೆ ಯೂಸರ್ ಅಕೌಂಟ್ ಮಾಡಿ, ಪಾಸ್‌ವರ್ಡ್ ಹಾಕಿ. ದಿನದ ಕೆಲಸದ ಅಕೌಂಟ್ ಅಡ್ಮಿನ್ ಆಗಿರ್ಬಾರ್ದು. ಗಿರಾಕಿ ಮೇಲ್ ತೆರೀಬೇಕು ಅಂದ್ರೆ ಕ್ರೋಮ್‌ನ ಗೆಸ್ಟ್ ಮೋಡ್, ಮುಚ್ಚಿದ್ರೆ ಲಾಗಿನ್ ಹೋಯ್ತು. ಅಂಗಡಿಯ ವೈಫೈ ಪಾಸ್‌ವರ್ಡ್ ಗೋಡೆಗೆ ಅಂಟಿಸಿದ್ರೆ ತೆಗೀರಿ, ಜನರಿಗೆ ಕೊಡ್ಲೇಬೇಕಾದ್ರೆ ರೂಟರ್‌ನಲ್ಲಿ ಗೆಸ್ಟ್ ನೆಟ್‌ವರ್ಕ್ ಬೇರೆ ಉಂಟು.

ಕಟಪಾಡಿ_ಡಿಟಿಪಿ

ಗೋಡೆಗೆ ಅಂಟಿಸಿದ್ದು ಹೌದು, ಲ್ಯಾಮಿನೇಶನ್ ಮಾಡಿ ಬೇರೆ 😅 ತೆಗೀತೇನೆ. ಯುಎಸ್‌ಬಿ ಹಾಕಿದೆ, ಮೆಷಿನ್ "ಮೀಡಿಯಾ ಎರರ್" ಅಂತ ತೋರಿಸ್ತದೆ.

ಸುರತ್ಕಲ್_ಲೈಟ್‌ಹೌಸ್

ನಿಮ್ಮ ಪೆನ್‌ಡ್ರೈವ್ ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್‌ಎಸ್ ಫಾರ್ಮ್ಯಾಟ್‌ನಲ್ಲಿ ಇರ್ಬೇಕು. ಎಫ್‌ಎಟಿ32ಕ್ಕೆ ಫಾರ್ಮ್ಯಾಟ್ ಮಾಡಿ ಹಾಕಿ ನೋಡಿ. 32 ಜಿಬಿಗಿಂತ ದೊಡ್ಡದಾದ್ರೆ ವಿಂಡೋಸ್ 10ರಲ್ಲಿ ಆ ಆಯ್ಕೆ ಕಾಣುದಿಲ್ಲ, ಸಣ್ಣದೇ ತಗೊಳ್ಳಿ.