ಪದಚರ್ಚೆ: ‘ಓಪನ್ ವರ್ಲ್ಡ್ ಆರ್‌ಪಿಜಿ’ಗೆ ಕನ್ನಡದಲ್ಲಿ ಏನೆನ್ನೋಣ?

ಪ್ರಶ್ನೆ

ಮಾನ್ಯರೆ,

ವಿಡಿಯೊ ಗೇಮ್‌ಗಳ ಪಟ್ಟಿಯೊಂದನ್ನು ಕನ್ನಡಕ್ಕೆ ತರುವ ಕೆಲಸ ನನ್ನ ಕೈಯಲ್ಲಿದ್ದು, ಅದನ್ನು ನಾಳೆ ಸಂಜೆಯೊಳಗೆ ಒಪ್ಪಿಸಬೇಕಾಗಿದೆ. ಉಳಿದಿರುವುದು ಮೂರು ಗುಂಡಿಗಳ ಹೆಸರು ಮಾತ್ರ: ‘ಓಪನ್ ವರ್ಲ್ಡ್’, ‘ರೋಲ್ ಪ್ಲೇಯಿಂಗ್’ (ಇಂಥ ಗೇಮ್‌ಗಳನ್ನೇ ಚಿಕ್ಕದಾಗಿ ಆರ್‌ಪಿಜಿ ಎನ್ನುವುದು), ‘ಫ್ರೀ ಎಕ್ಸ್‌ಪ್ಲೊರೇಶನ್’. ಮೂರನ್ನೂ ಒತ್ತಿ ಹುಡುಕುವವರಿಗೆ ಸ್ಕೈರಿಮ್‌ನಂಥ (2011) ಆಟ ಸಿಗಬೇಕು. ಎಂದರೆ, ಆರಂಭದ ಒಂದು ಘಟ್ಟ ದಾಟಿದ ಮೇಲೆ ಕಥೆಯನ್ನು ಅಲ್ಲೇ ಬಿಟ್ಟು, ಎದುರಿಗೆ ಕಾಣುವ ಬೆಟ್ಟವನ್ನು ಹತ್ತಲು ಹೊರಡಬಹುದಾದ ಆಟ.

ಯಂತ್ರಾನುವಾದವು ಮೂರನೆಯದಕ್ಕೆ ‘ಉಚಿತ ಪರಿಶೋಧನೆ’ ಎಂದು ಕೊಟ್ಟಿದೆ. ಇದನ್ನು ಹಾಗೆಯೇ ಬಿಟ್ಟರೆ, ಯಾರೋ ಪುಕ್ಕಟೆಯಾಗಿ ಲೆಕ್ಕಪತ್ರ ನೋಡಿಕೊಡುತ್ತಾರೆಂದು ಓದುಗರು ತಿಳಿದಾರು. ನಾನೇ ಮಾಡಿಕೊಂಡ ‘ಮುಕ್ತ ಜಗತ್ತು’, ‘ಪಾತ್ರಾಟ’, ‘ಮುಕ್ತ ಅನ್ವೇಷಣೆ’ ಎಂಬ ಮೂರೂ ನನಗೆ ರುಚಿಸುತ್ತಿಲ್ಲ. ಒಂದು ಗುಂಡಿಯ ಮೇಲೆ ಎರಡು ಪದಗಳಿಗಿಂತ ಹೆಚ್ಚು ಹಿಡಿಸುವುದಿಲ್ಲ. ದಯವಿಟ್ಟು ಸಲಹೆ ನೀಡಬೇಕು.

ಉತ್ತರ 1

‘ಮುಕ್ತ’ ಸಲ್ಲದು. ಅದು ಮುಚ್ ಧಾತುವಿನ ಕೃದಂತ. ಬಿಡುಗಡೆಗೊಂಡದ್ದು ಎಂದು ಅದರ ಅರ್ಥ. ಈ ಜಗತ್ತು ಯಾರ ಸೆರೆಯಲ್ಲಿತ್ತು? ಅಲ್ಲದೆ ‘ಮುಕ್ತ ತಂತ್ರಾಂಶ’ ಎಂಬ ಬಳಕೆ ಈಗಾಗಲೇ ನೆಲೆಗೊಂಡಿರುವುದರಿಂದ, ‘ಮುಕ್ತ ಆಟ’ ಎಂದೊಡನೆ ಆಕರ ಸಂಕೇತ (ಸೋರ್ಸ್ ಕೋಡ್) ಎಲ್ಲರಿಗೂ ತೆರೆದಿರುವ ಆಟವೆಂದೇ ತಿಳಿದವರು ಓದಿಕೊಳ್ಳುತ್ತಾರೆ.

‘ಪಾತ್ರಾಟ’ ಶುದ್ಧ ಅರಿಸಮಾಸ, ಸಂಸ್ಕೃತ ಪದಕ್ಕೆ ಕನ್ನಡ ಪದವನ್ನು ಸಲ್ಲದ ರೀತಿಯಲ್ಲಿ ಬೆಸೆದದ್ದು. ವ್ಯಾಕರಣಕಾರ ಕೇಶಿರಾಜನು ಬಿರುದಾವಳಿಗೂ ಪೂರ್ವಕವಿಗಳ ಪ್ರಯೋಗಕ್ಕೂ ಕೊಟ್ಟ ಸಲುಗೆಯನ್ನು ಗುಂಡಿಗಳಿಗೆ ಹಂಚಬೇಕಾಗಿಲ್ಲ.

ನಿಮಗೆ ಬೇಕಾದ ಪದ ನಮ್ಮಲ್ಲೇ ಇದೆ: ಬಯಲಾಟ. ಬಯಲು ಎಂದರೆ ಗೋಡೆಯಿಲ್ಲದ, ಎಲ್ಲೆ ಕಾಣದ ಜಾಗ. ಆಟವೋ ಆಡು ಧಾತುವಿನಿಂದ ಬಂದದ್ದು, ಓಡು ಓಟವಾದಂತೆ, ನೋಡು ನೋಟವಾದಂತೆ. ಹೋಗಲಿ, ಬಯಲಾಟದಲ್ಲಿ ವೇಷವೂ ಇದೆಯಲ್ಲವೆ? ನಿಮ್ಮ ಮೊದಲೆರಡು ಗುಂಡಿಗಳು ಒಂದೇ ಪದದಲ್ಲಿ ಮುಗಿದವು. ಇಷ್ಟು ಅಚ್ಚುಕಟ್ಟಾದ ಪದವನ್ನು ಮನೆಯಲ್ಲಿಟ್ಟುಕೊಂಡು ‘ಓಪನ್ ವರ್ಲ್ಡ್’ ಎಂದು ಬರೆಯುವುದು ಅನುವಾದಕರ ಸೋಮಾರಿತನವಲ್ಲದೆ ಬೇರೇನೂ ಅಲ್ಲ.

ಉತ್ತರ 2

ಬಯಲಾಟ ಎಂದು ಹುಡುಕಿದವರಿಗೆ ಬಯಲಾಟವೇ ಸಿಗಬೇಕು, ಕಿರೀಟ ತೊಟ್ಟ ವೇಷಗಳೇ ಕಾಣಿಸಬೇಕು. ಬಾಳುತ್ತಿರುವ ಕಲೆಯೊಂದರ ಹೆಸರನ್ನು ಕಿತ್ತು ಇನ್ನೊಂದಕ್ಕೆ ಅಂಟಿಸುವುದು ಪದರಚನೆಯಲ್ಲ. ಇನ್ನು ‘ಬಯಲು’ ಎಂಬುದಕ್ಕೆ ವಚನಕಾರರ ಕಾಲದಿಂದಲೂ ಶೂನ್ಯವೆಂಬ ಅರ್ಥವಿದೆ. ಮೈಲಿಗಟ್ಟಲೆ ನಡೆದರೂ ಏನೂ ಎದುರಾಗದ ಕೆಲವು ಆಟಗಳಿಗೆ ಆ ಹೆಸರು ಒಪ್ಪುತ್ತದೆ ಎಂಬುದನ್ನು ಮಾತ್ರ ಒಪ್ಪಿಕೊಳ್ಳುತ್ತೇನೆ.

ಸೋಮಾರಿತನದ ಆರೋಪಕ್ಕೆ ಒಂದೇ ಮಾತು. ಅರ್ಜಿಯೂ ಖಾಲಿಯೂ ಅರಬ್ಬೀ ಮೂಲದವು. ಅವನ್ನು ನಾವು ಕನ್ನಡವಲ್ಲವೆಂದು ಹೊರಗೆ ಹಾಕಿಲ್ಲ. ‘ಲೋಕ’, ‘ವೇಷ’ ಸಂಸ್ಕೃತದಿಂದ ಬಂದವು ಎಂಬ ಕಾರಣಕ್ಕೆ ಒಳಮನೆಗೆ ಸಲ್ಲುತ್ತವೆ, ‘ವರ್ಲ್ಡ್’ ಇಂಗ್ಲಿಷಿನಿಂದ ಬಂದದ್ದು ಎಂಬ ಕಾರಣಕ್ಕೆ ಹೊಸಿಲಲ್ಲೇ ನಿಲ್ಲಬೇಕು ಎಂಬುದು ವ್ಯಾಕರಣವಲ್ಲ, ಅಭಿರುಚಿ. ಆಡುವವರು ಏನೆನ್ನುತ್ತಾರೋ ಅದನ್ನೇ ಬರೆಯಿರಿ.

ಉತ್ತರ 3

ಹಿರಿಯರಿಬ್ಬರೂ ಪದವನ್ನು ನೋಡುತ್ತಿದ್ದೀರಿ, ಆಟವನ್ನು ನೋಡುತ್ತಿಲ್ಲ. ಆಡುವವನೊಬ್ಬನ ಮಾತನ್ನು ಸ್ವಲ್ಪ ಕೇಳಬೇಕು.

ಈ ಮೂರು ಗುಂಡಿಗಳು ಒಂದೇ ಗುಣದ ಮೂರು ಹೆಸರುಗಳಲ್ಲ. ‘ಓಪನ್ ವರ್ಲ್ಡ್’ ಎಂಬುದು ಜಾಗದ ಮಾತು. 2001ರ ಗ್ರ್ಯಾಂಡ್ ಥೆಫ್ಟ್ ಆಟೊ 3 ಅಂಥ ಆಟಗಳಿಗೆ ಎಲ್ಲರೂ ಕೊಡುವ ಉದಾಹರಣೆ. ಆದರೂ ಕಥೆ ಮುಂದುವರಿಯುವವರೆಗೆ ಅದರಲ್ಲಿ ಎರಡನೆಯ ದ್ವೀಪಕ್ಕೆ ಕಾಲಿಡಲಾಗದು, ಮತ್ತು ಅದನ್ನು ಯಾರೂ ರೋಲ್ ಪ್ಲೇಯಿಂಗ್ ಎನ್ನುವುದಿಲ್ಲ. ಇದಕ್ಕೆ ತಿರುಗುಮುರುಗಾಗಿ 2023ರ ಬಾಲ್ಡರ್ಸ್ ಗೇಟ್ 3 ರೋಲ್ ಪ್ಲೇಯಿಂಗ್ ಆಟಗಳಲ್ಲಿ ಬಲು ದೊಡ್ಡದು. ಅದರ ನೆಲವಾದರೋ ಮೂರು ಅಂಕಗಳಿಗೆ ಹಂಚಿಹೋಗಿದೆ, ಮೂರನೆಯ ಅಂಕಕ್ಕೆ ಕಾಲಿಟ್ಟವರು ಹಿಂದಿನವಕ್ಕೆ ಮರಳುವಂತಿಲ್ಲ. 2017ರ ಬ್ರೆತ್ ಆಫ್ ದ ವೈಲ್ಡ್‌ನಲ್ಲಿ ಆರಂಭದ ಎತ್ತರದ ನೆಲದಿಂದ ಇಳಿದ ಕೂಡಲೇ ನೇರವಾಗಿ ಕೊನೆಯ ಶತ್ರುವಿನ ಕೋಟೆಗೇ ಹೋಗಬಹುದು. ಅಷ್ಟು ಸ್ವಾತಂತ್ರ್ಯವಿದ್ದರೂ, ಕಾದಾಡಿದಷ್ಟೂ ಪಾತ್ರದ ಮಟ್ಟ ಏರುತ್ತ ಹೋಗುವ ಲೆಕ್ಕ ಅದರಲ್ಲಿಲ್ಲದ ಕಾರಣ ಅದನ್ನು ಆರ್‌ಪಿಜಿ ಎನ್ನಲು ಹಲವರು ಒಪ್ಪುವುದಿಲ್ಲ. ಹೀಗಿರುವಾಗ ಎರಡು ಗುಂಡಿಗಳನ್ನು ಬಯಲಾಟವೆಂಬ ಒಂದೇ ಮೂಟೆಯಲ್ಲಿ ಕಟ್ಟಿದರೆ, ಹುಡುಕುವವರಿಗೆ ಬೇಕಾದದ್ದು ಬಿಟ್ಟು ಉಳಿದದ್ದೆಲ್ಲ ಸಿಗುತ್ತದೆ.

ಮೂರನೆಯ ಗುಂಡಿಯೇ ನಿಜವಾಗಿ ಮುಖ್ಯವಾದದ್ದು. 2010ರ ಫಾಲ್‌ಔಟ್ ನ್ಯೂ ವೆಗಾಸ್ ಆರಂಭವಾಗುವ ಹಳ್ಳಿಯಿಂದ ನಗರ ಇರುವುದು ಉತ್ತರಕ್ಕೆ, ದಾರಿಯೂ ಹತ್ತಿರದ್ದು. ಕಥೆ ಮಾತ್ರ ನಿಮ್ಮನ್ನು ದಕ್ಷಿಣಕ್ಕೆ ಕಳುಹಿಸಿ ದೊಡ್ಡ ಸುತ್ತು ಹಾಕಿಸುತ್ತದೆ. ಉತ್ತರದ ದಾರಿಗೆ ಗೋಡೆಯಿಲ್ಲ, ಬೀಗವಿಲ್ಲ. ಆದರೆ ಹಳೆಯ ಕಲ್ಲುಗಣಿಯ ಬಳಿ ಡೆತ್‌ಕ್ಲಾ ಎಂಬ ಮೃಗಗಳು ಕಾದಿರುತ್ತವೆ, ಆಟಕ್ಕೆ ಹೊಸಬರಾದವರನ್ನು ಒಂದೆರಡು ಏಟಿಗೆ ಮುಗಿಸುತ್ತವೆ. ಬಂಡೆಗಳ ಮರೆ ಹಿಡಿದು ನುಸುಳಿ ಹೋದವರೂ ಇದ್ದಾರೆ. ನಾನು ಏಳನೆಯ ಸಲಕ್ಕೆ ದಾಟಿದೆ. ತಡೆ ಇದ್ದೂ ಬಾಗಿಲು ಮುಚ್ಚದಿರುವ ಈ ಸ್ಥಿತಿಯನ್ನು ‘ಮುಕ್ತ’ವೂ ಹೇಳುವುದಿಲ್ಲ, ‘ಬಯಲು’ ಸಹ ಹೇಳುವುದಿಲ್ಲ. 2002ರ ಮಾರೊವಿಂಡ್‌ನಲ್ಲಿ ಹೋಗಬೇಕಾದ ಜಾಗವನ್ನು ತೋರಿಸುವ ಬಾಣದ ಗುರುತೂ ಇರಲಿಲ್ಲ. ಎದುರಾದವರು ಸೇತುವೆ ದಾಟಿ ಎಡಕ್ಕೆ ಹೋಗು ಎಂಬಂತೆ ಬಾಯಿಮಾತಿನಲ್ಲಿ ದಾರಿ ಹೇಳುತ್ತಿದ್ದರು, ನಾವು ತಪ್ಪುತ್ತಿದ್ದೆವು, ತಪ್ಪಿದ ದಾರಿಯಲ್ಲೇ ಯಾವುದೋ ಗುಹೆ ಸಿಗುತ್ತಿತ್ತು.

ಇದಕ್ಕೆ ‘ಅನ್ವೇಷಣೆ’ ಎಂಬ ಪದ ಬಲು ಭಾರವಾಯಿತು. ಅನ್ವೇಷಣೆಗೆ ಹೊರಟವನಿಗೆ ತಾನು ಹುಡುಕುವುದೇನೆಂದು ತಿಳಿದಿರುತ್ತದೆ. ನನ್ನ ಆಯ್ಕೆ ‘ಸುತ್ತಾಟ’. ಉತ್ತರ 1ರವರು ಆಡು ಧಾತುವನ್ನು ಹಿಡಿದರು, ಆದರೆ ಅರ್ಧದಲ್ಲೇ ಕೈಬಿಟ್ಟರು. ಅದೇ ಆಡು ಇನ್ನೊಂದು ಕ್ರಿಯಾಪದದ ಹಿಂದೆ ನಿಂತಾಗ ಗೊತ್ತುಗುರಿಯಿಲ್ಲದೆ ಮತ್ತೆ ಮತ್ತೆ ಮಾಡುವುದನ್ನು ಹೇಳುತ್ತದೆ: ಓಡಾಡು, ತಿರುಗಾಡು, ಅಲೆದಾಡು, ಹುಡುಕಾಡು. ಹೊಡೆದಾಟ, ಕಿತ್ತಾಟಗಳ ದಾರಿ ಬೇರೆ. ಅಲ್ಲಿ ಇಬ್ಬರು ಬೇಕು. ಓಡಾಟ, ತಿರುಗಾಟ, ಸುತ್ತಾಟಗಳಲ್ಲಿ ಆಟವು ಪದದೊಳಗೇ ಇರುವುದರಿಂದ ಮತ್ತೊಂದು ‘ಆಟ’ವನ್ನು ಸೇರಿಸಬೇಕಾಗಿಲ್ಲ.

ರೋಲ್ ಪ್ಲೇಯಿಂಗ್‌ಗೆ ‘ಪಾತ್ರ ನಿರ್ವಹಣೆ’ ಎನ್ನುವವರಿದ್ದಾರೆ, ಅದು ತಪ್ಪು. ಬರೆದುಕೊಟ್ಟ ಪಾತ್ರವನ್ನು ನಿರ್ವಹಿಸುವುದು ನಾಟಕ. ಈ ಆಟಗಳ ಬೇರು ಇರುವುದು 1974ರ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್‌ನಲ್ಲಿ: ಆಡುವವರು ಕಾಗದದ ಮೇಲೆ ತಮ್ಮ ಪಾತ್ರದ ಬಲ, ಬುದ್ಧಿ, ಚುರುಕುತನಗಳಿಗೆ ಅಂಕಿ ಬರೆದುಕೊಂಡು, ದಾಳ ಉರುಳಿಸಿ, ಆಟ ಸಾಗಿದಂತೆ ಪಾತ್ರವನ್ನು ಬೆಳೆಸುತ್ತಿದ್ದರು. ಕನ್ನಡದಲ್ಲಿ ವೇಷ ಕಟ್ಟುತ್ತೇವಲ್ಲವೆ, ಆ ಕಟ್ಟುವಿಕೆ ಇಲ್ಲಿಗೆ ಹೊಂದುತ್ತದೆ. ವಿಚರ್ 3ರಲ್ಲಿ (2015) ಮಾತ್ರ ವೇಷವನ್ನು ಅವರೇ ಕಟ್ಟಿಕೊಟ್ಟಿರುತ್ತಾರೆ. ಸಿರಿ ಎಂಬವಳಾಗಿ ಆಡುವ ಕೆಲವು ಚಿಕ್ಕ ಭಾಗಗಳನ್ನು ಬಿಟ್ಟರೆ ಕಥಾನಾಯಕ ಗೆರಾಲ್ಟ್ ಆಗಿಯೇ ಕಥೆ ಸಾಗಿಸಬೇಕು, ಆದರೆ ಅವನು ಎಂಥವನಾಗಬೇಕೆಂಬ ಆಯ್ಕೆ ನಮ್ಮದು.

ಉತ್ತರ 1ರವರಿಂದ ಮತ್ತೆ

ಸುತ್ತಾಟದ ವ್ಯುತ್ಪತ್ತಿಯನ್ನು ಒಪ್ಪುತ್ತೇನೆ. ಮೇಲಿನ ಪತ್ರದಲ್ಲಿರುವ ಆಟಗಳ ಪಟ್ಟಿಯಿಂದ ನನಗೆ ಪ್ರಯೋಜನವಾಗಲಿಲ್ಲ. ಅರಬ್ಬೀ ಪದಗಳು ನೂರಾರು ವರ್ಷ ಬಾಯಲ್ಲಿ ಉರುಳಿ ಕನ್ನಡದ ಮೈ ಪಡೆದವು. ‘ಓಪನ್ ವರ್ಲ್ಡ್’ ಕೊನೆಗೊಂದು ಉಕಾರವನ್ನೂ ಪಡೆಯದೆ ನಿಂತಿದೆ. ‘ವೇಷದಾಟ’ ಎನ್ನಿ, ವಿಭಕ್ತಿ ಉಳಿದಿರುವುದರಿಂದ ಸಮಾಸದೋಷದ ಪ್ರಶ್ನೆಯೇ ಏಳುವುದಿಲ್ಲ.

ಉತ್ತರ 2ರವರಿಂದ ಮತ್ತೆ

ವಿಭಕ್ತಿ ಉಳಿಯಿತು, ಸಂಧಿ ಕೆಡಿಸಿತು. ‘ಲೋಕದಾಟ’, ‘ವೇಷದಾಟ’ ಎಂದು ಕೂಡಿಸಿ ಬರೆದರೆ ‘ಆಟ’ ಎಂದು ಹುಡುಕುವವರಿಗೆ ಅವು ಸಿಗುವುದೇ ಇಲ್ಲ. ಅಕ್ಷರಗಳನ್ನಷ್ಟೆ ಹೋಲಿಸುವ ಯಂತ್ರಕ್ಕೆ ಲೋಪಸಂಧಿ ಬಿಡಿಸಲು ಬರುವುದಿಲ್ಲ. ಮನುಷ್ಯರಾದರೂ ‘ಲೋಕ ದಾಟ’ ಎಂದು ಓದಿ, ಯಾರೋ ತೀರಿಕೊಂಡರೆಂದು ತಿಳಿಯುತ್ತಾರೆ. ಉಕಾರದ ವಿಷಯವನ್ನು ಬೇರೆ ಎಳೆಯಲ್ಲಿ ಚರ್ಚಿಸೋಣ. ಕೇಳಿದವರಿಗೆ ನಾಳೆ ಸಂಜೆಯ ಗಡುವಿದೆ.

ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ‘ಓಪನ್ ವರ್ಲ್ಡ್’ ಮತ್ತು ‘ಆರ್‌ಪಿಜಿ’ ಎಂಬ ಎರಡನ್ನೂ ಕನ್ನಡ ಲಿಪಿಯಲ್ಲಿ ಹಾಗೆಯೇ ಉಳಿಸಿಕೊಂಡಿದ್ದೇನೆ. ಆಡುವವರು ಹುಡುಕುವಾಗ ಬರೆಯುವುದು ಅವನ್ನೇ. ಆರ್‌ಪಿಜಿಯ ಕೆಳಗಿನ ಸಣ್ಣ ವಿವರಣೆಯಲ್ಲಿ ‘ನಿಮ್ಮ ಪಾತ್ರವನ್ನು ನೀವೇ ಕಟ್ಟಿ ಬೆಳೆಸುವ ಆಟಗಳು’ ಎಂದು ಬರೆದು, ವಿಚರ್ ನೆನಪಾಗಿ ‘ಕಟ್ಟಿ’ ಎಂಬುದನ್ನು ಹೊಡೆದುಹಾಕಿದೆ.

ಮೂರನೆಯ ಗುಂಡಿಗೆ ಮೊದಲು ‘ಮನಬಂದಂತೆ ಸುತ್ತಾಟ’ ಎಂದುಕೊಂಡಿದ್ದೆ. ಆದರೆ ಪತ್ರಿಕೆಗಳಲ್ಲಿ ‘ಮನಬಂದಂತೆ’ ಎಂಬುದರ ಮುಂದೆ ‘ಥಳಿಸಿ’ ಎಂಬುದನ್ನೇ ಓದಿ ಓದಿ ನನಗೆ ಆ ಪದದ ಮೇಲೆ ನಂಬಿಕೆ ಹೋಗಿದೆ. ಕಂಡ ಬೆಟ್ಟದ ಕಡೆಗೆ ಹೊರಡಬಹುದು ಎಂಬುದೇ ಇಲ್ಲಿನ ಸಾರವಾದ್ದರಿಂದ ‘ಕಂಡತ್ತ ಸುತ್ತಾಟ’ ಎಂದು ಹಾಕಿದ್ದೇನೆ. ಎರಡೇ ಪದ, ಗುಂಡಿಯಲ್ಲಿ ಹಿಡಿಸಿತು. ಗ್ರ್ಯಾಂಡ್ ಥೆಫ್ಟ್ ಆಟೊ 3ಕ್ಕೆ ಈ ಗುರುತನ್ನು ಕೊಟ್ಟಿಲ್ಲ, ನ್ಯೂ ವೆಗಾಸ್‌ಗೆ ಕೊಟ್ಟಿದ್ದೇನೆ. ಆಕ್ಷೇಪಗಳಿದ್ದರೆ ನಾಳೆ ಮಧ್ಯಾಹ್ನದೊಳಗೆ ತಿಳಿಸಬೇಕು.