ಅಕ್ಕನಿಗೆ ತೂಕ ಇಳಿಸುವ ಸರ್ಜರಿ: ಫ್ಯಾಟಿ ಲಿವರ್‌ಗೆ ಎಷ್ಟು ಅನುಕೂಲ? ತಿಳಿದವರು ಹೇಳಿ

ಪ್ರಶ್ನೆ

ಅಕ್ಕನಿಗೆ 42 ವರ್ಷ, ಬಿಎಂಐ 39, ಶುಗರ್ ಇದೆ. ಸ್ಕ್ಯಾನಿಂಗ್‌ನಲ್ಲಿ ಗ್ರೇಡ್ 2 ಫ್ಯಾಟಿ ಲಿವರ್ ಅಂತ ಬಂದಿದೆ. ಲಿವರ್ ಎಂಜೈಮ್‌ಗಳು ಎಎಸ್‌ಟಿ 52, ಎಎಲ್‌ಟಿ 68, ಪ್ಲೇಟ್‌ಲೆಟ್ 2,10,000, ಫೈಬ್ರೋಸ್ಕ್ಯಾನ್ (ಲಿವರ್ ಎಷ್ಟು ಗಡಸಾಗಿದೆ ಅಂತ ಅಳೆಯುವ ಸ್ಕ್ಯಾನ್) 11.2. ಡಾಕ್ಟರು ಬೇರಿಯಾಟ್ರಿಕ್ ಸರ್ಜರಿ ಬಗ್ಗೆ ಯೋಚಿಸಿ ಅಂದಿದ್ದಾರೆ. ಪರಿಚಯದವರೊಬ್ಬರು "ಅದನ್ನು ಮಾಡಿಸಿದರೆ ಲಿವರೇ ಹೋಗುತ್ತೆ" ಅಂತ ಹೆದರಿಸಿದ್ದಾರೆ. ನಿಜ ಯಾವುದು? ಸ್ಲೀವ್ ಒಳ್ಳೆಯದೋ ಬೈಪಾಸೋ? ಮೊದಲೇ ಏನೇನು ವಿಚಾರಿಸಿಕೊಳ್ಳಬೇಕು?

ಲಿವರ್ ವಿಭಾಗದ ವೈದ್ಯರು

ಆ ಗ್ರೇಡ್ 2 ಅನ್ನುವುದನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಲಿವರ್‌ನಲ್ಲಿ ಎಷ್ಟು ಕೊಬ್ಬು ಕೂತಿದೆ ಅನ್ನುವ ಕಣ್ಣಂದಾಜು ಅದು. ಮುಂದೇನಾಗುತ್ತದೆ ಅನ್ನುವುದನ್ನು ತೀರ್ಮಾನಿಸುವುದು ಫೈಬ್ರೋಸಿಸ್, ಅಂದರೆ ವರ್ಷಗಟ್ಟಲೆ ಉರಿಯೂತ ಆಗಿ ಲಿವರ್ ಒಳಗೆ ಕಟ್ಟುವ ಗಾಯದ ಕಲೆ. ಎಫ್0 ಎಂದರೆ ಕಲೆ ಇಲ್ಲ, ಎಫ್4 ಎಂದರೆ ಸಿರೋಸಿಸ್, ಅಂದರೆ ಲಿವರ್ ತುಂಬಾ ಕಲೆಗಟ್ಟಿದ ಹಂತ.

ಫೈಬ್ರೋಸಿಸ್ ಎಷ್ಟಿರಬಹುದು ಎಂದು ಅಂದಾಜಿಸುವ ಫಿಬ್-4 ಸ್ಕೋರ್ ಅನ್ನು ನೀವು ಕೊಟ್ಟ ಅಂಕಿಗಳಲ್ಲೇ ಲೆಕ್ಕ ಹಾಕಬಹುದು. ವಯಸ್ಸು ಮತ್ತು ಎಎಸ್‌ಟಿ ಗುಣಿಸಿ: 42 × 52 = 2184. ಪ್ಲೇಟ್‌ಲೆಟ್ ಅನ್ನು ಸಾವಿರದ ಲೆಕ್ಕದಲ್ಲಿ ಹಿಡಿದು ಎಎಲ್‌ಟಿಯ ವರ್ಗಮೂಲದಿಂದ ಗುಣಿಸಿ: 210 × 8.25, ಸುಮಾರು 1732. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ 1.26. ಇದು 1.3ರ ಕೆಳಗಿದ್ದರೆ ಸಾಮಾನ್ಯವಾಗಿ ನೆಮ್ಮದಿ, 2.67 ದಾಟಿದರೆ ಹೆಚ್ಚಿನ ಫೈಬ್ರೋಸಿಸ್‌ನ ಅನುಮಾನ. ಆದರೆ ಇಲ್ಲಿ ನೆಮ್ಮದಿಪಡಬೇಡಿ. ಶುಗರ್ ಇರುವವರಲ್ಲಿ ಈ ಲೆಕ್ಕ ಕೈಕೊಡುವುದುಂಟು, ಅದೂ ಅಂಚಿನಲ್ಲೇ ಬಂದು ನಿಂತಿದೆ. ಫೈಬ್ರೋಸ್ಕ್ಯಾನ್‌ನಲ್ಲಿ 8 ಕಿಲೋಪಾಸ್ಕಲ್‌ಗಿಂತ ಕಡಿಮೆ ಇದ್ದರೆ ಮಾತ್ರ ಅಪಾಯ ಕಡಿಮೆ ಅನ್ನುತ್ತೇವೆ. 12 ದಾಟಿದರೆ ಫೈಬ್ರೋಸಿಸ್ ಮುಂದುವರಿದಿರುವ ಸಾಧ್ಯತೆ ಹೆಚ್ಚು. 11.2 ಅದಕ್ಕೆ ಹತ್ತಿರವೇ ಇದೆ.

ರಿಪೋರ್ಟ್ ತೆಗೆದು ಮೂರು ವಿಷಯ ನೋಡಿ. ಪ್ರೋಬ್ (ಚರ್ಮಕ್ಕೆ ಒತ್ತಿ ಅಳೆಯುವ ಸಾಧನ) ಎಂ ಬಳಸಿದ್ದಾರಾ, ಎಕ್ಸ್‌ಎಲ್ ಬಳಸಿದ್ದಾರಾ? ಈ ಬಿಎಂಐಗೆ ಬೇಕಾದ್ದು ಎಕ್ಸ್‌ಎಲ್. ಚರ್ಮದಡಿಯ ಕೊಬ್ಬು ದಪ್ಪವಿದ್ದಾಗ ಎಂ ಪ್ರೋಬ್ ಅಂಕಿ ಹೆಚ್ಚು ತೋರಿಸುತ್ತದೆ. ಪರೀಕ್ಷೆಗೆ ಮುಂಚೆ ಕನಿಷ್ಠ 3 ಗಂಟೆ ಏನೂ ತಿಂದಿರಲಿಲ್ಲವಾ? ಊಟದ ನಂತರ ಲಿವರ್‌ಗೆ ರಕ್ತದ ಹರಿವು ಹೆಚ್ಚಿ ಅಂಕಿ ಮೇಲೇರುತ್ತದೆ. ಐಕ್ಯೂಆರ್ (ಅಳತೆಗಳ ನಡುವಿನ ಏರುಪೇರು) ಎಂದು ಬರೆದಿರುವ ಶೇಕಡಾವಾರು 30ರೊಳಗಿದೆಯಾ? ಇದ್ದರೆ ಮಾತ್ರ ಅಳತೆ ನಂಬಬಹುದು.

ಬೇರಿಯಾಟ್ರಿಕ್ ಸರ್ಜನ್

"ಲಿವರ್ ಹೋಗುತ್ತೆ" ಅನ್ನುವ ಭಯಕ್ಕೆ ಬುಡವಿಲ್ಲದೆ ಇಲ್ಲ. 1960–70ರ ದಶಕಗಳಲ್ಲಿ ಸಣ್ಣ ಕರುಳಿನ ಬಹುಪಾಲನ್ನು ಬಿಟ್ಟು ಜೋಡಿಸುವ ಜೆಜುನೋಇಲಿಯಲ್ ಬೈಪಾಸ್ ಮಾಡುತ್ತಿದ್ದರು. ಪ್ರೋಟೀನ್ ಕೊರತೆಯಾಗಿ, ಬಿಟ್ಟ ಕರುಳಿನಲ್ಲಿ ಬ್ಯಾಕ್ಟೀರಿಯಾ ಬೆಳೆದು ಕೆಲವರ ಲಿವರ್ ಕೈಕೊಟ್ಟಿತು, ಹಾಗಾಗಿ ಅದನ್ನು ಕೈಬಿಟ್ಟರು. ಈಗಿನ ಸ್ಲೀವ್ (ಹೊಟ್ಟೆಯ ಬಹುಭಾಗ ಕತ್ತರಿಸಿ ಕೊಳವೆಯಷ್ಟು ಉಳಿಸುವುದು) ಮತ್ತು ರೂ-ಎನ್-ವೈ ಬೈಪಾಸ್ (ಹೊಟ್ಟೆಯ ಮೇಲ್ಭಾಗದಲ್ಲಿ ಚಿಕ್ಕ ಚೀಲ ಮಾಡಿ ಅದನ್ನು ಸಣ್ಣ ಕರುಳಿಗೆ ಜೋಡಿಸುವುದು) ಬೇರೆಯೇ ಆಪರೇಷನ್‌ಗಳು.

ಒಟ್ಟು ತೂಕದ 5% ಇಳಿದರೆ ಲಿವರ್ ಕೊಬ್ಬು ಕರಗಲು ಶುರು, 7–10% ಇಳಿದರೆ ಉರಿಯೂತ ತಗ್ಗುತ್ತದೆ, ಫೈಬ್ರೋಸಿಸ್ ಹಿಂದೆ ಸರಿಯಲು 10% ದಾಟಬೇಕು. ಪಥ್ಯದಿಂದ ಅಷ್ಟು ಇಳಿಸಿ ವರ್ಷಗಟ್ಟಲೆ ಉಳಿಸಿಕೊಳ್ಳುವವರು ಕಡಿಮೆ. ಸರ್ಜರಿಯಲ್ಲಿ 20–30% ಇಳಿಯುವುದು ಮಾಮೂಲು. 2023ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ಇಟಲಿಯ ಪ್ರಯೋಗದಲ್ಲಿ 288 ಜನರನ್ನು ಮೂರು ಗುಂಪು ಮಾಡಿದ್ದರು. ಒಂದು ವರ್ಷದ ನಂತರ ಬಯಾಪ್ಸಿಯಲ್ಲಿ (ಲಿವರ್ ಚೂರು ತೆಗೆದು ನೋಡುವ ಪರೀಕ್ಷೆ) ಲಿವರ್ ಉರಿಯೂತದ ಕಾಯಿಲೆ ಮಾಯವಾಗಿದ್ದು ಬೈಪಾಸ್ ಗುಂಪಿನಲ್ಲಿ 56%, ಸ್ಲೀವ್‌ನಲ್ಲಿ 57%, ಜೀವನಶೈಲಿ ಬದಲಾವಣೆಯ ಗುಂಪಿನಲ್ಲಿ 16%. ಅಂದರೆ ಲಿವರ್ ಮಟ್ಟಿಗೆ ಸ್ಲೀವ್, ಬೈಪಾಸ್ ಸಮಸಮ. ಆಯ್ಕೆಯನ್ನು ಬೇರೆ ಕಾರಣಗಳ ಮೇಲೆ ಮಾಡಿ: ಎದೆಯುರಿ ಜೋರಿದ್ದರೆ ಸ್ಲೀವ್ ಅದನ್ನು ಹೆಚ್ಚಿಸಬಹುದು; ಶುಗರ್ ಹಳೆಯದಾಗಿದ್ದರೆ ಬೈಪಾಸ್ ಕೈ ಮೇಲು; ಸಿರೋಸಿಸ್ ಇದ್ದರೆ ಸ್ಲೀವ್‌ನತ್ತ ಒಲವು, ಏಕೆಂದರೆ ಬೈಪಾಸ್ ಆದ ಮೇಲೆ ಒಳಗೇ ಉಳಿಯುವ ಹೊಟ್ಟೆಭಾಗಕ್ಕೂ ಪಿತ್ತನಾಳಕ್ಕೂ ಎಂಡೋಸ್ಕೋಪ್ ತಲುಪಿಸುವುದು ಕಷ್ಟ.

ಫೈಬ್ರೋಸಿಸ್ ವಿಚಾರದಲ್ಲಿ ಆತುರ ಬೇಡ. ಫ್ರಾನ್ಸಿನ ಲೀಲ್ ನಗರದಲ್ಲಿ 5 ವರ್ಷ ಹಿಂಬಾಲಿಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 84% ಜನರಲ್ಲಿ ಉರಿಯೂತದ ಕಾಯಿಲೆ ಹೋಗಿತ್ತು, ಸುಮಾರು 70% ಜನರಲ್ಲಿ ಫೈಬ್ರೋಸಿಸ್ ಕಡಿಮೆಯಾಗಿತ್ತು. ಕೊಬ್ಬು ಕೆಲವೇ ತಿಂಗಳಲ್ಲಿ ಹೋಗುತ್ತದೆ, ಕಲೆ ವರ್ಷಗಳ ಲೆಕ್ಕದಲ್ಲಿ ಕರಗುತ್ತದೆ.

ಸಿರೋಸಿಸ್ ಇದೆಯೇ ಎಂಬುದನ್ನು ಮಾತ್ರ ಆಪರೇಷನ್‌ಗೆ ಮೊದಲೇ ಖಚಿತ ಮಾಡಿಕೊಳ್ಳಿ. ಹೊಟ್ಟೆಯಲ್ಲಿ ನೀರು, ಕಾಮಾಲೆ, ರಕ್ತವಾಂತಿ ಆಗಿರುವ ಹಂತದಲ್ಲಿ ಈ ಸರ್ಜರಿ ಮಾಡುವಂತಿಲ್ಲ. ಪ್ಲೇಟ್‌ಲೆಟ್ 1,50,000ಕ್ಕಿಂತ ಇಳಿದಿದ್ದರೆ ಅಥವಾ ಫೈಬ್ರೋಸ್ಕ್ಯಾನ್ 20 ಮುಟ್ಟಿದ್ದರೆ ಅನ್ನನಾಳದಲ್ಲಿ ರಕ್ತನಾಳಗಳು ಉಬ್ಬಿವೆಯೇ ಎಂದು ನೋಡಲು ಎಂಡೋಸ್ಕೋಪಿ ಬೇಕು. ನಿಮ್ಮ ಅಕ್ಕನ ಅಂಕಿಗಳು ಅಲ್ಲಿಗೆ ಹೋಗಿಲ್ಲ.

ಆಪರೇಷನ್‌ಗೆ ಮುಂಚಿನ 2–4 ವಾರ ದಿನಕ್ಕೆ 800–1200 ಕ್ಯಾಲೊರಿಯ ಪಥ್ಯ ಕೊಡುತ್ತಾರೆ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಲಿವರ್‌ನ ಎಡಭಾಗ ಹೊಟ್ಟೆಯ ಮೇಲ್ತುದಿಯ ಮೇಲೆ ಮುಚ್ಚಳದ ಹಾಗೆ ಮಲಗಿರುತ್ತದೆ. ಅದನ್ನು ರಿಟ್ರ್ಯಾಕ್ಟರ್‌ನಿಂದ ಎತ್ತಿ ಹಿಡಿದರೇ ನಮಗೆ ಜಾಗ. ಕೊಬ್ಬು ತುಂಬಿದ ಲಿವರ್ ಭಾರ, ಅಂಚು ಉಬ್ಬಿರುತ್ತದೆ, ಎತ್ತುವಾಗಲೇ ಹರಿದು ರಕ್ತ ಜಿನುಗುತ್ತದೆ. ಪಥ್ಯ ಸರಿಯಾಗಿ ಮಾಡಿದವರಲ್ಲಿ ಮೊದಲು ಗ್ಲೈಕೋಜನ್ (ಲಿವರ್ ಕೂಡಿಟ್ಟ ಸಕ್ಕರೆ) ಮತ್ತು ಅದರ ಜೊತೆಗಿನ ನೀರು, ಆಮೇಲೆ ಕೊಬ್ಬು ಇಳಿದು ಲಿವರ್ ಮೆತ್ತಗೆ, ಚಿಕ್ಕದಾಗಿ ಸಿಗುತ್ತದೆ. ಆಪರೇಷನ್ ಹಿಂದಿನ ರಾತ್ರಿಯ ಒಂದು ಭರ್ಜರಿ ಊಟ ಈ ಲಾಭದಲ್ಲಿ ಒಂದಷ್ಟನ್ನು ಕಿತ್ತುಕೊಳ್ಳುತ್ತದೆ. ಪಥ್ಯ ಶುರುವಾದ ದಿನವೇ ಶುಗರ್ ಡಾಕ್ಟರ ಹತ್ತಿರ ಇನ್ಸುಲಿನ್, ಗ್ಲಿಮೆಪಿರೈಡ್ ಡೋಸ್ ಇಳಿಸಿಕೊಳ್ಳಿ, ಇಲ್ಲವಾದರೆ ಲೋ ಶುಗರ್ ಆಗುತ್ತದೆ. ಡಾಪಾಗ್ಲಿಫ್ಲೋಜಿನ್ ಗುಂಪಿನ ಮಾತ್ರೆಗಳಿದ್ದರೆ ಊಟ ಕಡಿಮೆಯಾದಾಗ ಕೀಟೋಆಸಿಡೋಸಿಸ್ (ರಕ್ತದಲ್ಲಿ ಆಮ್ಲ ಅಪಾಯಕರವಾಗಿ ಏರುವುದು) ಭಯ. ಆಪರೇಷನ್‌ಗೆ ಕನಿಷ್ಠ 3 ದಿನ ಮೊದಲು ನಿಲ್ಲಿಸುವುದು ವಾಡಿಕೆ, ಪಥ್ಯದ ದಿನಗಳಲ್ಲೇ ನಿಲ್ಲಿಸಬೇಕಾ ಅಂತಲೂ ಕೇಳಿ.

ಮೇಲಿನ ಲಿವರ್ ವೈದ್ಯರು ಮತ್ತೆ

ಸರ್, ಇದಕ್ಕೆ ಬಯಾಪ್ಸಿ ಮಾತು ಸೇರಿಸುತ್ತೇನೆ. 11.2 ಬಂದಿರುವವರಲ್ಲಿ ಆಪರೇಷನ್ ಹೊತ್ತಿನಲ್ಲೇ ಲಿವರ್ ಬಯಾಪ್ಸಿ ತೆಗೆಯಲು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು. ಸೂಜಿಯಿಂದ ಆಳಕ್ಕೆ ಹೋಗಿ ತೆಗೆದದ್ದಾಗಿರಲಿ. ಅಂಚಿನಿಂದ ಕತ್ತರಿಸಿದ ಚೂರಿನಲ್ಲಿ ಹೊರಪದರದ ನಾರು ಸೇರಿ ಫೈಬ್ರೋಸಿಸ್ ಇರುವುದಕ್ಕಿಂತ ಹೆಚ್ಚು ಕಾಣುತ್ತದೆ. ಆಪರೇಷನ್ ಶುರುವಿನಲ್ಲೇ ತೆಗೆಯಲಿ. ಗಂಟೆಗಟ್ಟಲೆ ಲಿವರ್ ಎಳೆದಾಡಿದ ಮೇಲೆ ತೆಗೆದರೆ ಆ ಎಳೆದಾಟದ ಉರಿಯೂತವೇ ಕಾಯಿಲೆಯಂತೆ ಕಂಡೀತು.

ಡಯಟಿಷಿಯನ್

ಸರ್ಜರಿ ನಂತರ ಲಿವರ್ ಕೆಡುವ ಅಪರೂಪದ ಪ್ರಸಂಗಗಳಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಪ್ರೋಟೀನ್ ಎಷ್ಟು ಹೋಗುತ್ತಿದೆ ಅನ್ನುವುದು. ದಿನಕ್ಕೆ ಕನಿಷ್ಠ 60 ಗ್ರಾಂ ಬೇಕು. ತಟ್ಟೆಯಲ್ಲಿ ಮೊದಲು ಪ್ರೋಟೀನ್, ಆಮೇಲೆ ಉಳಿದದ್ದು. ಹೊಟ್ಟೆ ಚಿಕ್ಕದು, ಮೊದಲು ಹೋದದ್ದಕ್ಕೇ ಜಾಗ. ಕಾಲು ಊದಿಕೊಂಡು ಆಲ್ಬುಮಿನ್ (ರಕ್ತದಲ್ಲಿನ ಪ್ರೋಟೀನ್) ಇಳಿದರೆ ಕಾಯಬೇಡಿ. ಸಣ್ಣ ಕರುಳಿನ 200 ಸೆಂ.ಮೀ.ಗಿಂತ ಹೆಚ್ಚು ಭಾಗವನ್ನು ಊಟದ ದಾರಿಯಿಂದ ಹೊರಗೆ ಬಿಡುವ ಮಿನಿ ಬೈಪಾಸ್‌ಗಳಲ್ಲಿ ಈ ಅಪಾಯ ಜಾಸ್ತಿ. ಎಷ್ಟು ಸೆಂಟಿಮೀಟರ್ ಬಿಟ್ಟರು ಅಂತ ಡಿಸ್ಚಾರ್ಜ್ ಹಾಳೆಯಲ್ಲಿ ಬರೆಸಿಕೊಳ್ಳಿ.

ದಿನವೂ ವಾಂತಿಯಾಗುತ್ತಿದ್ದರೆ ಥಯಮಿನ್ (ವಿಟಮಿನ್ ಬಿ1) ಖಾಲಿಯಾಗುತ್ತದೆ. ಆಗ ಡ್ರಿಪ್ ಹಾಕುವವರಿಗೆ ಸರ್ಜರಿ ಆಗಿದೆಯೆಂದು ಹೇಳಿ, ಗ್ಲೂಕೋಸ್‌ಗೆ ಮೊದಲು ಥಯಮಿನ್ ಕೊಡಿಸಿ. ಹಿಂದುಮುಂದಾದರೆ ಮಿದುಳಿಗೆ ಪೆಟ್ಟು. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳ ನಡುವೆ 2 ಗಂಟೆ ಅಂತರ ಇರಲಿ. ಬಿ12 ಜೀವನಪೂರ್ತಿ. ತೂಕ ಬೇಗ ಇಳಿಯುವಾಗ ಪಿತ್ತಕೋಶದಲ್ಲಿ ಕಲ್ಲು ಕಟ್ಟುತ್ತದೆ, ಅದಕ್ಕೇ ಪಿತ್ತಕೋಶ ಇರುವವರಿಗೆ ಅರ್ಸೋಡಿಯಾಕ್ಸಿಕೋಲಿಕ್ ಆಸಿಡ್ ದಿನಕ್ಕೆ 500–600 ಮಿ.ಗ್ರಾಂ. 6 ತಿಂಗಳು ಬರೆಯುತ್ತಾರೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ತುಂಬಾ ಧನ್ಯವಾದ. ರಿಪೋರ್ಟ್ ನೋಡಿದೆ, ಎಂ ಪ್ರೋಬ್ ಅಂತಿದೆ. ಇನ್ನೊಂದು: ಸರ್ಜರಿ ಆದ ಮೇಲೆ ಲಿವರ್ ಸುಧಾರಿಸಿದೆ ಅಂತ ಗೊತ್ತಾಗುವುದು ಹೇಗೆ?

ಲಿವರ್ ವಿಭಾಗದ ವೈದ್ಯರು

ಹಾಗಾದರೆ ಎಕ್ಸ್‌ಎಲ್‌ನಲ್ಲಿ ಇನ್ನೊಮ್ಮೆ ಮಾಡಿಸಿ, ಆಮೇಲೆ ತೀರ್ಮಾನ. ಸರ್ಜರಿಯ ನಂತರ ಅಕ್ಕ ಸಣ್ಣಗಾದಾಗ ಎಂ ಪ್ರೋಬ್‌ಗೆ ಬದಲಾಯಿಸುತ್ತಾರೆ. ಎರಡು ಬೇರೆ ಪ್ರೋಬ್‌ಗಳ ಅಂಕಿಗಳನ್ನು ನೇರವಾಗಿ ಹೋಲಿಸಬೇಡಿ. ಫಿಬ್-4ರಂತೆಯೇ ಫೈಬ್ರೋಸಿಸ್ ಅಂದಾಜಿಸುವ ಎನ್‌ಎಎಫ್‌ಎಲ್‌ಡಿ ಫೈಬ್ರೋಸಿಸ್ ಸ್ಕೋರ್ ಅನ್ನುವುದೊಂದಿದೆ, ಅದರ ಸೂತ್ರದಲ್ಲೇ ಬಿಎಂಐ ಸೇರಿದೆ. ತೂಕ ಇಳಿದರೆ ಲಿವರ್ ಹಾಗೇ ಇದ್ದರೂ ಸ್ಕೋರ್ ತಾನಾಗಿ ಇಳಿಯುತ್ತದೆ. ಅದನ್ನು ನೋಡಿ ಸಂತೋಷಪಟ್ಟು ಫಾಲೋಅಪ್ ಬಿಡುವುದು ದೊಡ್ಡ ತಪ್ಪು. ಎಎಲ್‌ಟಿಯೂ ಅಷ್ಟೇ: ಮೊದಲ ಕೆಲವು ತಿಂಗಳಲ್ಲಿ ಕೊಬ್ಬು ವೇಗವಾಗಿ ಕರಗುವಾಗ ಸ್ವಲ್ಪ ಏರಿ ಇಳಿಯಬಹುದು, ಆಮೇಲೆ ನಾರ್ಮಲ್ ಆದರೂ ಕಲೆ ಹೋಗಿದೆ ಎಂದರ್ಥವಲ್ಲ. ವರ್ಷಕ್ಕೊಮ್ಮೆ ಫೈಬ್ರೋಸ್ಕ್ಯಾನ್, ಪ್ಲೇಟ್‌ಲೆಟ್, ಆಲ್ಬುಮಿನ್ ಸಾಲಾಗಿ ಬರೆದಿಟ್ಟುಕೊಳ್ಳಿ. ಸಿರೋಸಿಸ್ ಇದ್ದವರಿಗೆ ತೂಕ ಎಷ್ಟೇ ಇಳಿದರೂ 6 ತಿಂಗಳಿಗೊಮ್ಮೆ ಲಿವರ್ ಕ್ಯಾನ್ಸರ್ ಪತ್ತೆಯ ಸ್ಕ್ಯಾನಿಂಗ್ ಮುಂದುವರಿಯಲೇಬೇಕು.

ಮದ್ಯದ ಬಗ್ಗೆ ಕೇಳಲಿಲ್ಲ, ಆದರೂ ಹೇಳುತ್ತೇನೆ. ಬೈಪಾಸ್, ಸ್ಲೀವ್ ಎರಡರ ನಂತರವೂ ಮದ್ಯ ಬೇಗ ರಕ್ತಕ್ಕೆ ಸೇರುತ್ತದೆ, ಕಡಿಮೆ ಕುಡಿದರೂ ಮಟ್ಟ ಹೆಚ್ಚು ಏರುತ್ತದೆ. ಬೈಪಾಸ್ ಆದವರಲ್ಲಿ ಚಟ ಹತ್ತುವುದು ಎರಡನೇ ವರ್ಷದಿಂದ ಹೆಚ್ಚಾಗುವುದು ಕಂಡುಬಂದಿದೆ, ಅಂದರೆ ಎಲ್ಲರೂ ಫಾಲೋಅಪ್‌ಗೆ ಬರುವುದು ಕಡಿಮೆ ಮಾಡುವ ಹೊತ್ತಿಗೆ. ಅಕ್ಕ ಕುಡಿಯುವವರಲ್ಲದಿದ್ದರೆ ಈ ಪ್ಯಾರಾ ಬಿಟ್ಟುಬಿಡಿ.